ಮೇಷ್ಟ್ರ ಗ್ರಾಫಿಕ್ಸ್ ಕಾರ್ಡಿಗೆ ಹಿಡಿದ ರಾಹುಕಾಲ

ಮೈಸೂರಿನ ದಟ್ಟಗಳ್ಳಿಯ ವಿಜ್ಞಾನದ ಮೇಷ್ಟ್ರೊಬ್ಬರು ರಿಟೈರಾದ ಮೇಲೆ ಮೂಢನಂಬಿಕೆ ವಿರುದ್ಧ ವಿಡಿಯೋ ಮಾಡೋಕೆ ಶುರು ಮಾಡಿದ್ದರು. ಅದಕ್ಕೇ ಅಂತ ಹೊಸ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು ತರಿಸಿ ತಾವೇ ಜೋಡಿಸಿದ್ದರು. ಫ್ಯಾನೇನೋ ತಿರುಗುತ್ತಿತ್ತು, ಮಾನಿಟರ್ ಮಾತ್ರ ಕಪ್ಪಗೆ ಕೂತಿತ್ತು. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಫೋನ್ ಬಂತು, ಹಾಗೇ ಹೊರಟೆ.

"ರಾಹುಕಾಲ ಕಳೀಲಿ, ಆಮೇಲೆ ಮುಟ್ಟಿ ಅಂತ ಬಡ್ಕೊಂಡೆ ಕಣಪ್ಪ. ಇವರು ಕೇಳಿದ್ರಾ? ಇನ್ನೂ ಅರ್ಧ ಗಂಟೆ ಇದೆ ಮುಗಿಯೋಕೆ." ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ದೂರು ಕೊಟ್ಟರು.

"ಕರೆಂಟಿಗೆ ಎಂಥ ರಾಹುಕಾಲ? ಕಾರ್ಡು ಮಾರಿದವನು ಕೆಟ್ಟದ್ದು ಕೊಟ್ಟವ್ನೆ," ಮೇಷ್ಟ್ರು ಒಳಗಿಂದ ಗುಡುಗಿದರು.

ನಾನು ಕಂಪ್ಯೂಟರಿನ ಹಿಂದೆ ಬಗ್ಗಿದೆ. ಮಾನಿಟರಿನ ಕೇಬಲ್ಲನ್ನು ಚಿತ್ರ ಕೊಡುವ ಹೊಸ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಹಾಕಿದ್ದರು. ಕಾರ್ಡಿಗೆ ಏನೂ ಆಗಿರಲಿಲ್ಲ, ಕಲ್ಲುಗುಂಡಿನ ಹಾಗಿತ್ತು. ಮೇಷ್ಟ್ರೂ ಪಕ್ಕದಲ್ಲೇ ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು.

"ಏನಾಗಿತ್ತಪ್ಪ?" ಮೇಷ್ಟ್ರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

ನಾನು ಮೇಷ್ಟ್ರ ಮುಖ ನೋಡಿದೆ. ತಪ್ಪು ತಮ್ಮದೋ ರಾಹುವಿನದೋ, ಅವರೇ ಹೇಳಲಿ ಅಂತ.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. "ನೀನು ಹೇಳಿದ್ದೇ ಸರಿ ಕಣೇ. ಗಳಿಗೆ ಚೆನ್ನಾಗಿರಲಿಲ್ಲ."

ಹೆಂಡತಿ ಗೆದ್ದ ಖುಷಿಯಲ್ಲಿ ಕಾಫಿ ಮಾಡೋಕೆ ಒಳಗೆ ಹೋದರು. ನಾನು ಕೇಬಲ್ ಬದಲಿಸಿ ಸ್ವಿಚ್ಚಿಗೆ ಕೈ ಹಾಕಿದೆ. ಮೇಷ್ಟ್ರು ತಟ್ಟನೆ ಕೈ ಹಿಡಿದುಕೊಂಡರು.

"ತಡಿಯಪ್ಪ, ರಾಹುಕಾಲ ಮುಗೀಲಿ," ಅಂತ ಪಿಸುಗುಟ್ಟಿದರು. "ಈಗ್ಲೇ ಚಿತ್ರ ಬಂದ್ಬುಟ್ರೆ ಅವಳು ನಂಬಲ್ಲ."

ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು. ರಾಹುಕಾಲವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನಂತೂ ಇಡೀ ಮೈಸೂರಲ್ಲಿ ಕಂಡಿಲ್ಲ.