ಮೆಂಬರ್ರು ಕೀಳಿಸಿದ ಬಾಗಿಲುಗಳು

ಮೊನ್ನೆ ವಿಜಯನಗರದಲ್ಲಿ ಮಗಳ ಹೊಸ ಮನೆಗೆ ಬಾಗಿಲು ನಿಲ್ಲಿಸಿದರು. ಚೌಕಟ್ಟಿಗೆ ಹಚ್ಚಿದ ಎಣ್ಣೆಯ ವಾಸನೆ ಹೊಸ್ತಿಲ ಅರಿಶಿನದ ಜೊತೆ ಸೇರಿ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಎದುರು ಮನೆಯ ಮೆಂಬರ್ರು ನೆನಪಾದರು. ಶುಭಕಾರ್ಯದ ಹೊತ್ತಿನಲ್ಲಿ ನೆನೆಯುವಂಥ ಕಥೆಯಲ್ಲ ಅವರದು. ಆದರೆ ನೆನಪಿಗೆ ರಾಹುಕಾಲ, ಗುಳಿಕಕಾಲ ಗೊತ್ತಿರುತ್ತದೆಯೇ...

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಮದುವೆಯಾಗಿ ಆ ಬೀದಿಗೆ ಬಂದೆ. ಅವರು ಆಗಲೇ ನಮ್ಮ ವಾರ್ಡಿನಿಂದ ಗೆದ್ದು ಮುನಿಸಿಪಲ್ ಮೆಂಬರಾಗಿದ್ದರು. ಹೆಂಡತಿ ಕೂಡ ಅವರನ್ನು 'ಮೆಂಬರ್ರು' ಎಂದೇ ಕರೆಯುತ್ತಿದ್ದರು. ಮಿಕ್ಕವರು ದೀಪದ ಕಂಬ, ಪಾರ್ಕು ಅಂತ ಓಡಾಡಿದರೆ ಇವರದು ಒಂದೇ ಜಪ, ಮನೆ. ನಮ್ಮ ಬೀದಿಯ ಹಿಂದಿನ ಗಲ್ಲಿಯಲ್ಲಿ ಊದುಬತ್ತಿ ಹೊಸೆಯುವ ಹೆಂಗಸರು, ಜಟಕಾ ಹೊಡೆಯುವವರು ಮಣ್ಣುಗೋಡೆಯ ಮನೆಗಳಲ್ಲಿದ್ದರು. ಮಳೆ ಬಂದರೆ ಚರಂಡಿ ನೀರು ಒಲೆಯವರೆಗೂ ನುಗ್ಗುತ್ತಿತ್ತು. ಅವರಿಗೆಲ್ಲ ಗಟ್ಟಿ ಮನೆ ಕೊಡಿಸಿಯೇ ಸಾಯುವುದು ಎನ್ನುತ್ತಿದ್ದರು ಮೆಂಬರ್ರು. ಅವರಿದ್ದದ್ದೂ ಬಾಡಿಗೆ ಮನೆ, ಅದೂ ಸೋರುತ್ತಿತ್ತು.

ಎರಡನೆಯ ಸಲ ಗೆದ್ದಾಗ ಊರಾಚೆ ಜಾಗ ಮಂಜೂರಾಯಿತು. ದುಡ್ಡು ಸಾಲದೆಂದು ಮೇಲಿನವರು ಒಂದು ಷರತ್ತು ಹಾಕಿದರು. ಗೋಡೆ, ಸೂರು ತಾವು ಕಟ್ಟಿಸಿಕೊಡುವುದು, ಬಾಗಿಲು ಗಲ್ಲಿಯವರು ಅವರವರೇ ತರುವುದು. ಮೆಂಬರ್ರು ಖುಷಿಯಿಂದ ಒಪ್ಪಿಕೊಂಡು ಗಲ್ಲಿಯ ಮನೆಮನೆಗೂ ಹೋದರು.

"ಬಾಗಿಲು ಬೇಗ ಕಿತ್ಕೊಳ್ಳಿ ಕಣ್ರಮ್ಮ. ಬಾಗಿಲು ಆ ಜಾಗದಲ್ಲಿ ಕಂಡ್ರೇನೇ ಕೆಲಸ ಶುರು ಮಾಡ್ತಾರಂತೆ, ತಡ ಮಾಡಿದ್ರೆ ಅವರು ಮನಸ್ಸು ಬದಲಾಯಿಸ್ಬುಡ್ತಾರೆ."

ಪೂಜೆ ಮಾಡಿದ ಹೊಸ್ತಿಲನ್ನು ಕೀಳಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಹೇಳಿದವರು ಮೆಂಬರ್ರಲ್ಲವೇ. ಅಳುತ್ತಲೇ ಚೌಕಟ್ಟು, ಹೊಸ್ತಿಲು ಸಮೇತ ಕಿತ್ತರು. ಯಾರದು ಯಾವುದೆಂದು ತಿಳಿಯಲಿ ಅಂತ ಒಬ್ಬೊಬ್ಬರು ಒಂದೊಂದು ಥರ ಕುಂಕುಮದ ಗುರುತಿಟ್ಟು, ಗಾಡಿಯಲ್ಲಿ ಹೇರಿಕೊಂಡು ಹೋಗಿ ಆ ಬಯಲಿನಲ್ಲಿ ಸಾಲಾಗಿ ಒರಗಿಸಿ ಬಂದರು. ಇಲ್ಲಿ ಬಾಗಿಲಿದ್ದ ಕಡೆ ಗೋಣಿತಾಟು ಕಟ್ಟಿಕೊಂಡು ಕಾದರು.

ಅಷ್ಟರಲ್ಲಿ ಚುನಾವಣೆ ಬಂತು. ಗಲ್ಲಿಯವರೆಲ್ಲ ಮೆಂಬರ್ರಿಗೇ ವೋಟು ಹಾಕಿದರು. ನಮ್ಮ ಬೀದಿಯವರು, ಈ ಮನುಷ್ಯ ನಮಗೇನು ಮಾಡಿದ್ದಾನೆ ಅಂತ ಬೇರೆಯವರಿಗೆ ಹಾಕಿದರು. ಮೆಂಬರ್ರು ಸೋತರು. ಜಾಗ ಆಫೀಸರುಗಳ ಕ್ವಾರ್ಟರ್ಸಿಗೆ ಹೋಯಿತು. ಬಯಲಿನಲ್ಲಿದ್ದ ಬಾಗಿಲುಗಳಲ್ಲಿ ಕೆಲವಕ್ಕೆ ಗೆದ್ದಲು ಹತ್ತಿತು, ಮಿಕ್ಕವನ್ನು ಯಾರೋ ಸೌದೆಗೆ ಒಯ್ದರು. ಚೌಕಟ್ಟು ಕಿತ್ತ ಮಣ್ಣುಗೋಡೆಗಳು ಆ ಮಳೆಗಾಲವನ್ನು ತಡೆಯಲಿಲ್ಲ, ಒಂದೊಂದಾಗಿ ಕುಸಿದವು.

ಮೆಂಬರ್ರು ದಿನವೂ ಕಚೇರಿಗೆ ಅಲೆದರು. ಅಧಿಕಾರ ಹೋದವರಿಗೆ ಕೂರಲು ಕುರ್ಚಿಯನ್ನೂ ಹಾಕುವುದಿಲ್ಲ. ಆಮೇಲೆ ಅಲೆಯುವುದನ್ನೂ ಬಿಟ್ಟರು. ಮಾರ್ಕೆಟ್ಟಿಗೆ ಹೋಗಬೇಕಾದರೆ ಗಲ್ಲಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದರು...

ಒಂದು ಮಧ್ಯಾಹ್ನ ಗಲ್ಲಿಯ ಅಜ್ಜಿಯೊಬ್ಬರು ಅವರ ಜಗಲಿಗೆ ಬಂದು ಕೂತರು. ಬೈಯಲು ಬಂದಿರಬೇಕೆಂದು ನಾನು ಕಿಟಕಿಯ ಹತ್ತಿರ ಹೋದೆ.

"ಸ್ವಾಮಿ, ಮನೆ ಬ್ಯಾಡ ಬುಡಿ. ನಮ್ ಬಾಗ್ಲನ್ನಾದ್ರೂ ವಾಪಸ್ ಕೊಡ್ಸಿ" ಅಂದರು ಅಜ್ಜಿ.

ಮೆಂಬರ್ರು ಎದ್ದು ಹೋಗಿ ತಮ್ಮ ಮನೆಯ ಬಾಗಿಲನ್ನೇ ಎರಡು ಕೈಯಲ್ಲೂ ಹಿಡಿದು ಕೀಳಲು ನೋಡಿದರು. ಅಜ್ಜಿ ಅವರ ಕೈ ಹಿಡಿದುಕೊಂಡರು.

"ಸುಮ್ಕಿರಿ ಸ್ವಾಮಿ. ಇದೂ ನಿಮ್ದಲ್ವಲ್ಲ, ಬಾಡ್ಗೇದು."

ಮೆಂಬರ್ರು ಹಾಗೇ ಬಾಗಿಲಿಗೆ ಹಣೆ ಕೊಟ್ಟು ನಿಂತರು. ಅದಾದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಗಲ್ಲಿಯವರು ಚದುರಿಹೋದರು. ಕೆಲವರು ಕಡಕೊಳದ ಕಡೆ ಹೋದರಂತೆ, ಅಜ್ಜಿ ಎಲ್ಲಿ ಹೋದರೋ ತಿಳಿಯದು.

ಈಗ ಆ ಗಲ್ಲಿಯ ಜಾಗದಲ್ಲಿ ಕಲ್ಯಾಣಮಂಟಪವಿದೆ. ನಮ್ಮ ಕಾಲದವರು ಸಿಕ್ಕಾಗ ಮೆಂಬರ್ರ ಮಾತು ಬಂದರೆ, ಬಹಳ ಒಳ್ಳೆಯವರು ಪಾಪ, ಎನ್ನುತ್ತಾರೆ. ಒಳ್ಳೆಯವರೇ, ನಾನು ಇಲ್ಲ ಅನ್ನುವುದಿಲ್ಲ. ಅದೇ ನನ್ನ ಸಂಕಟ. ಅವರು ಕೆಟ್ಟವರಾಗಿದ್ದರೆ ಗಲ್ಲಿಯಲ್ಲಿ ಯಾರೂ ಅವರ ಮಾತು ನಂಬುತ್ತಿರಲಿಲ್ಲ.