ಅತ್ತೆ ಕೇಳಿದ ಪ್ರಶ್ನೆ

ನನ್ನ ಮಗಳಿಗೆ ಆಗ ಆರು ವರ್ಷ. ಕರೆದರೆ ತಿರುಗುತ್ತಿರಲಿಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಆಟಿಸಂ ಇದೆಯೇನೋ, ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಗುಬ್ಬಿಯಲ್ಲಿನ ಅವಳ ಶಾಲೆಯ ಮೇಡಂ ಹೇಳಿದರು. ತುಮಕೂರಿಗೆ ಹೊರಟಾಗ ನಮ್ಮ ಮನೆಯಲ್ಲೇ ಇದ್ದ ಅತ್ತೆ, ನನ್ನ ಗಂಡನ ತಾಯಿ, ಅವರೂ ಜೊತೆಗೆ ಬಂದರು. ಅವರು ಕುಣಿಗಲ್ ಕಡೆಯವರು, ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು.

ಅಲ್ಲಿ ಬಟವಾಡಿ ಬಡಾವಣೆಯ ಮೊದಲ ಕ್ಲಿನಿಕ್‌ನಲ್ಲಿ ಅರ್ಧ ಗಂಟೆಯಲ್ಲಿ ರಿಪೋರ್ಟ್ ಕೊಡುತ್ತೇವೆ ಎಂದರು. ನಾನು ಒಪ್ಪಿಯೇಬಿಟ್ಟಿದ್ದೆ. ಅತ್ತೆ ಮಾತ್ರ ಕೌಂಟರಿನ ಹುಡುಗಿಯನ್ನು ಕೇಳಿದರು: "ಮಗೂನ ಯಾವ ಭಾಷೇಲಿ ಮಾತಾಡಿಸ್ತೀರವ್ವ?"

"ಇಂಗ್ಲಿಷಲ್ಲಿ ಅಜ್ಜಿ. ಟೆಸ್ಟ್ ಇರೋದೇ ಹಂಗೆ."

"ನಮ್ ಮಗೂಗೆ ಇಂಗ್ಲಿಷ್ ಬರಲ್ಲ. ಅದು ಸುಮ್ನೆ ಕೂತ್ಕಂಡ್ರೆ, ಅರ್ಥ ಆಗ್ಲಿಲ್ವೋ, ಮಾತಾಡಕ್ಕೇ ಆಗ್ಲಿಲ್ವೋ, ಹೆಂಗೆ ಗೊತ್ತಾಯ್ತದೆ?"

ಡಿಗ್ರಿ ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ನಾವು ಎದ್ದು ಬಂದೆವು.

ಆಮೇಲೆ ಹಲವು ಕಡೆ ಫೋನ್ ಮಾಡಿ ನಾನೂ ಅದನ್ನೇ ಕೇಳಿದೆ. ಕೊನೆಗೊಬ್ಬ ಮನಶ್ಶಾಸ್ತ್ರಜ್ಞೆ, ಕನ್ನಡದಲ್ಲೇ ಮಾತಾಡಿಸುತ್ತೇನೆ, ಆದರೆ ಮೂರು ಸಲ ಬರಬೇಕು ಎಂದರು. ಅವರು ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಚಾಪೆಯ ಮೇಲೆ ಕೂತು ಮಗಳೊಂದಿಗೆ ಆಡಿದರು, ಶಾಲೆಯ ಮೇಡಂ ಜೊತೆ ಮಾತಾಡಿದರು, ಮಗು ಹುಟ್ಟಿದಾಗಿನಿಂದ ಕಂಡದ್ದನ್ನೆಲ್ಲ ಅತ್ತೆಯ ಬಾಯಲ್ಲಿ ಹೇಳಿಸಿ ಬರೆದುಕೊಂಡರು.

ಆಟಿಸಂ ಇರುವುದು ಹೌದು ಎಂದು ತಿಳಿದಾಗ ನಾನು ಅತ್ತುಬಿಟ್ಟೆ.

"ಗೊತ್ತಾಯ್ತಲ್ಲ ಬುಡವ್ವ, ಅದ್ಕೆ ಏನ್ ಬೇಕೋ ಮಾಡಾನ" ಎಂದು ಅತ್ತೆ ಸೆರಗಿನಲ್ಲಿ ನನ್ನ ಕಣ್ಣೊರೆಸಿದರು. ಮರುವಾರದಿಂದ ಮಗಳನ್ನು ಮಾತು ಕಲಿಸುವ ತರಬೇತಿಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿರುವವರು ಅವರೇ.