ಗದ್ದುಗೆಯ ಸೇವಂತಿಗೆ

ಇಂಗ್ಲೆಂಡ್ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳುತ್ತಿದ್ದ ನನ್ನ ಗಂಡ, ಕೊನೆಗೆ ಕೆನಡಾದಲ್ಲೇ, ಬೋಲ್ಟನ್ನಿನ ಆಚೆಯ ಗುಡ್ಡಗಳಲ್ಲಿ ಅದನ್ನು ತೋರಿಸಿ ಕೈತೊಳೆದುಕೊಂಡರು. ಅವರ ಕೆಲಸ ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ. ಅಲ್ಲಿಂದ ಇನ್ನೂ ಮೇಲೆ ಹೋದರೆ, ಹಿಂದೆ ಇಂಗ್ಲಿಷರು ಬಂದು ತಮ್ಮ ಊರಿನಂತೆಯೇ ಕಟ್ಟಿಕೊಂಡ ಹಳ್ಳಿಗಳಿದ್ದವು. ಕಲ್ಲಿನ ಮನೆ, ಕಿಟಕಿಗೆ ಲೇಸಿನ ಪರದೆ, ಹೊಳೆಯ ದಂಡೆಗೊಂದು ಹಳೆಯ ಗಿರಣಿ, ಭಾನುವಾರ ಪುಟ್ಟ ಸಂತೆ. ವೀಸಾದ ತಾಪತ್ರಯವೇ ಇಲ್ಲ ನೋಡು ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಆಗ ಆರು ತಿಂಗಳು. ಅದಕ್ಕೆ ಮೊದಲು ಎರಡು ಸಲ ಕಳೆದುಕೊಂಡಿದ್ದೆ, ಎರಡನೆಯದನ್ನು ಏಳನೇ ತಿಂಗಳಲ್ಲಿ. ಇದಾದರೂ ನಿಲ್ಲಲಿ ಎಂದು ಧಾರವಾಡದಿಂದ ಅತ್ತೆ ಬಂದಿದ್ದರು. ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ನಾನು ಹಗಲೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿರುವುದನ್ನು ನೋಡಲಾರದೆ, ಅಕ್ಟೋಬರಿನ ಒಂದು ಭಾನುವಾರ ಗಂಡ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಅಂದು ಹೋದ ಹಳ್ಳಿಯನ್ನು ಮೊದಲು ನೋಡಿರಲಿಲ್ಲ. ಮಂಜು ಇನ್ನೂ ಎದ್ದಿರಲಿಲ್ಲ. ಬೀದಿಯ ಬದಿಯ ಮೇಜುಗಳ ಮೇಲೆ ಸೇಬಿನ ಬುಟ್ಟಿ, ಜೇನಿನ ಬಾಟಲಿ, ಕುಂಬಳಕಾಯಿ ಎಲ್ಲ ಜೋಡಿಸಿಟ್ಟಿದ್ದರು. ಮಾರುವವರು ಮಾತ್ರ ಇರಲಿಲ್ಲ. ಚಹಾದಂಗಡಿಯ ಗಾಜಿನೊಳಗೆ ನೋಡಿದರೆ ಒಲೆಯ ಮೇಲಿನ ಕೆಟಲಿನಿಂದ ಹಬೆ ಏಳುತ್ತಿತ್ತು, ಕುರ್ಚಿಗಳು ಖಾಲಿ. ನಾಯಿ ಕೂಡ ಬೊಗಳಲಿಲ್ಲ. ನಾನು ವಾಪಸು ಹೋಗೋಣ ಎಂದೆ. ಬಂದ ತಪ್ಪಿಗೆ ಚಹಾನಾದರೂ ಕುಡಿಯೋಣ ಎಂದು ಗಂಡ ಅಂಗಡಿಯವರನ್ನು ಹುಡುಕಿಕೊಂಡು ಹೋದರು. ಕಾಲು ಬಾತಿದ್ದರಿಂದ ನಾನು ಚರ್ಚಿನ ಎದುರಿನ ಬೆಂಚಿನಲ್ಲಿ ಕೂತೆ. ಅತ್ತೆ ಕೂತಲ್ಲಿ ಕೂರುವ ಪೈಕಿಯಲ್ಲ, ಚರ್ಚಿನ ಹಿಂದಕ್ಕೆ ನಡೆದರು.

ಮರಳಿ ಬಂದಾಗ ಅವರ ಕೈಯಲ್ಲಿ ಒಂದು ಬಿಳಿ ಸೇವಂತಿಗೆ ಇತ್ತು. ನಾನು ಕೇಳುವ ಮೊದಲೇ ಜಡೆಗೆ ಸಿಕ್ಕಿಸಿದರು.

“ಹಿಂದ ಒಂದು ಗದ್ದಿಗಿ ಐತಿ. ಎಷ್ಟ್ ಹೂವು ಏರಿಸ್ಯಾರ ಅಂತಿ! ಪ್ರಸಾದ ತಂದೀನಿ, ಈ ಸಲ ಏನೂ ಆಗಂಗಿಲ್ಲ.”

ಅವರ ಕಡೆ ಮಠದ ಆವರಣದಲ್ಲಿ ಸ್ವಾಮಿಗಳನ್ನಲ್ಲದೆ ಇನ್ಯಾರನ್ನೂ ಹೂಳುವುದಿಲ್ಲ. ಆ ಸಮಾಧಿಯೇ ಗದ್ದುಗೆ, ಅದಕ್ಕೆ ಏರಿಸಿದ ಹೂವೆಂದರೆ ಪ್ರಸಾದವೇ. ನನಗೆ ತಿಳಿದಿತ್ತು, ಇದು ಯಾರದೋ ಗೋರಿಯ ಹೂವು. ಆದರೂ ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅದು ಬೇಕಾಗಿತ್ತು.

ಅಷ್ಟರಲ್ಲಿ ಚರ್ಚಿನ ಬಾಗಿಲು ತೆರೆಯಿತು. ಮಣ್ಣು ಮಾಡಿ ಬಂದು ಇಡೀ ಊರೇ ಒಳಗೆ ಪ್ರಾರ್ಥನೆಗೆ ಕೂತಿತ್ತು. ಎಲ್ಲರೂ ಕಪ್ಪು ಬಟ್ಟೆಯಲ್ಲಿ, ಒಬ್ಬರ ಹಿಂದೊಬ್ಬರು, ತುಟಿಪಿಟಿಕ್ಕೆನ್ನದೆ ಬಂದರು. ಒಬ್ಬೊಬ್ಬರ ಕಣ್ಣೂ ಮೊದಲು ನನ್ನ ಜಡೆಗೆ, ಆಮೇಲೆ ಹೊಟ್ಟೆಗೆ ಬಂದು ಮುಂದೆ ಹೋಗುತ್ತಿತ್ತು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕೊನೆಯಲ್ಲಿ ಬಂದ ನನ್ನದೇ ವಯಸ್ಸಿನ ಹೆಂಗಸು ನಿಂತಳು. ನಾನು ಎದ್ದು ಹೂವು ತೆಗೆಯಲು ಕೈಯೆತ್ತಿದೆ. ಬೇಡ ಎಂದು ತಲೆಯಾಡಿಸಿದಳು. ಯಾವಾಗ ಎಂದು ಕೇಳಿದಳು. ಜನವರಿ ಎಂದೆ. ಅವಳ ಕೈ ಮೆಲ್ಲಗೆ ನನ್ನ ಹೊಟ್ಟೆಯ ಕಡೆ ಬಂತು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಕೈ ಗಾಳಿಯಲ್ಲೇ ನಿಂತಿತು. ಅವಳು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಚರ್ಚಿನ ಹಿಂದಕ್ಕೆ ಹೋಗಿ, ನಾನು ನಿಂತಲ್ಲಿಂದ ಗೋಡೆಯ ಮೂಲೆಯಾಚೆ ಕಾಣುತ್ತಿದ್ದ ಹೂವಿನ ಗುಡ್ಡೆಯ ಮುಂದೆ ಮಂಡಿಯೂರಿದಳು. ಗುಡ್ಡೆ ಎರಡು ಮೊಳದಷ್ಟೂ ಉದ್ದವಿರಲಿಲ್ಲ. ಅದರ ಅಳತೆ ಅತ್ತೆಗೂ ಆಗಲೇ ಗಮನಕ್ಕೆ ಬಂದದ್ದು. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

“ಕೂಸಿಂದು,” ಎಂದರು.

ಎರಡು ದಿನ ಹೊಟ್ಟೆಯಲ್ಲಿ ಮಿಸುಕಾಟವಿರಲಿಲ್ಲ. ಡಾಕ್ಟರು ಎದೆಬಡಿತ ಸರಿಯಿದೆ ಎಂದರೂ ನಾನು ನಂಬಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗು ಒದ್ದಾಗ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಜನವರಿಯಲ್ಲಿ ಮಗಳು ಸುಖವಾಗಿ ಹುಟ್ಟಿದಳು. ಈಗ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಆ ಹಳ್ಳಿಗೆ ಮತ್ತೆ ಹೋಗಲಿಲ್ಲ. ಹೋಗಿ ಏನು ಹೇಳುವುದು? ಎರಡನೆಯದನ್ನು ಕಳೆದುಕೊಂಡ ವರ್ಷ, ಇಲ್ಲಿನ ಗೆಳತಿಯೊಬ್ಬಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಆರತಿಗೆ ಎದ್ದ ನನ್ನನ್ನು ದಾಟಿಸಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಿದ್ದರು. ಆ ರಾತ್ರಿ ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಅದು ಹೇಗಿರುತ್ತದೆ ಎಂದು ಹಳ್ಳಿಯ ಆ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಮತ್ತು ಅಲ್ಲಿ ಹಿಂದೆ ಸರಿದವಳು ನಾನೊಬ್ಬಳೇ.